ರಾಕಿಯ ಆರಿಂಚಿನ ಆಕ್ಷನ್ ಫಿಗರ್: ತಲೆಯಿಂದ ‘ದೊಡ್ಡಮ್ಮ’ನವರೆಗೆ

ಕೀಲುಗಳುಳ್ಳ ಹಳೆಯ ಗೊಂಬೆಯೊಂದನ್ನು ತಿದ್ದಿ ‘ಕೆಜಿಎಫ್’ ನಾಯಕ ರಾಕಿಯನ್ನಾಗಿಸುವ ಬಗೆ ಇದು. ಮೊದಲು ದೃಶ್ಯ ಗೊತ್ತುಮಾಡಿಕೊಳ್ಳಿ. ಒಂದೇ ಸಿನಿಮಾದಲ್ಲಿ ನಾಯಕನ ಉಡುಪು, ಕೂದಲು, ಗಡ್ಡ ಹತ್ತು ಸಲ ಬದಲಾಗುತ್ತವೆ. ಅರ್ಧ ಅಲ್ಲಿಂದ, ಅರ್ಧ ಇಲ್ಲಿಂದ ತೆಗೆದರೆ ಗೊಂಬೆ ಯಾರನ್ನೂ ಹೋಲುವುದಿಲ್ಲ. 2022ರ ‘ಕೆಜಿಎಫ್ ಚಾಪ್ಟರ್ 2’ರಲ್ಲಿ ರಾಕಿ ‘ದೊಡ್ಡಮ್ಮ’ ಎಂಬ ಮೆಷಿನ್ ಗನ್ನಿನಿಂದ ಪೊಲೀಸ್ ಠಾಣೆಗೆ ಗುಂಡಿನ ಮಳೆ ಸುರಿಸಿ, ಕೆಂಪಗೆ ಕಾದ ನಳಿಕೆಯಿಂದಲೇ ಸಿಗರೇಟು ಹಚ್ಚಿಕೊಳ್ಳುವ ದೃಶ್ಯವನ್ನು ಇಲ್ಲಿ ಹಿಡಿಯೋಣ. ವಿಡಿಯೊ ನಿಲ್ಲಿಸಿ ಎದುರಿನದು, ಎಡಬಲದ್ದು, ಸಿಕ್ಕರೆ ಬೆನ್ನಿನದು ಎಂದು ಸ್ಕ್ರೀನ್‌ಶಾಟ್ ತೆಗೆದಿಡಿ. ಬಟ್ಟೆಯ ಬಣ್ಣವನ್ನು ನೆನಪಿನಿಂದ ಬಳಿಯಬೇಡಿ.

ಅಳತೆ 1:12 ಇರಲಿ. ಲೆಕ್ಕ ಸುಲಭ: ನಿಜದ ಒಂದು ಅಡಿಗೆ ಗೊಂಬೆಯಲ್ಲಿ ಒಂದು ಇಂಚು. ಆರಡಿಯ ಆಳು ಆರಿಂಚು, ಅಂದರೆ ಸುಮಾರು 15 ಸೆಂ.ಮೀ. ಈ ಅಳತೆಯ, ಮಾರ್ವೆಲ್ ಲೆಜೆಂಡ್ಸ್ ಹೆಸರಿನ ಸೂಪರ್‌ಹೀರೋ ಗೊಂಬೆಗಳಲ್ಲಿ ಕೋಟು ತೊಟ್ಟವು ಸಿಗುತ್ತವೆ. ತಲೆಗೆ ಪೆಟ್ಟಾಗಿದ್ದರೂ ಪರವಾಗಿಲ್ಲ, ಹಳೆಯದನ್ನೇ ಕೊಳ್ಳಿ. ಕೀಲುಗಳು ಬಿಗಿಯಾಗಿವೆಯೇ, ಕೋಟಿನ ಕತ್ತರಿಕೆ ದೃಶ್ಯದ್ದಕ್ಕೆ ಹತ್ತಿರವಿದೆಯೇ ಎಂದಷ್ಟೇ ನೋಡಿದರೆ ಸಾಕು. ಮೈಯನ್ನು ಸೊನ್ನೆಯಿಂದ ಮಾಡಲು ಹೋಗುವುದು ಮೊದಲ ಗೊಂಬೆಗೆ ಬೇಡದ ಉಸಾಬರಿ.

ತಲೆ ಕೀಳಲು ಅವಸರ ಮಾಡಬೇಡಿ. ಕುದಿದು ಇಳಿಸಿದ ನೀರಿನಲ್ಲಿ ಕುತ್ತಿಗೆಯವರೆಗೆ ಎರಡು ಮೂರು ನಿಮಿಷ ಮುಳುಗಿಸಿ, ಬಟ್ಟೆಯಲ್ಲಿ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ತಣ್ಣಗಿದ್ದಾಗ ತಿರುಚಿದರೆ ತಲೆ ಕೂರುವ ಗುಂಡುತುದಿಯ ಕಡ್ಡಿ ಮುರಿಯುತ್ತದೆ, ಮತ್ತೆ ಕೂಡಿಸುವುದು ಕಷ್ಟ. ಆಮೇಲೆ ಇಡೀ ಗೊಂಬೆಯನ್ನು ಪಾತ್ರೆ ತೊಳೆಯುವ ಸೋಪಿನಿಂದ ತೊಳೆದು ಒಣಗಿಸಿ; ಮೇಲ್ಮೈಯಲ್ಲಿ ಉಳಿದ ಎಣ್ಣೆಯಂಶದ ಮೇಲೆ ಬಣ್ಣ ಕೂರುವುದಿಲ್ಲ.

ಇನ್ನು ತಲೆ. ಹಳೆಯ ತಲೆಯ ಮೂಗು, ಕೂದಲನ್ನು ಬ್ಲೇಡಿನಿಂದ ಕೆತ್ತಿ ಚಿಕ್ಕದು ಮಾಡಿ, ಕೆಳಗಿನ ಕುತ್ತಿಗೆ ತೂತನ್ನು ಮಾತ್ರ ಹಾಗೇ ಉಳಿಸಿಕೊಳ್ಳಿ. ಹೊಸ ತೂತು ಸರಿಯಾಗಿ ಕೂರುವುದು ಅಪರೂಪ. ಈ ಅಳತೆಯಲ್ಲಿ ಗದ್ದದಿಂದ ನೆತ್ತಿಗೆ 19-20 ಮಿ.ಮೀ. ಬರಬೇಕು, ಸ್ಕ್ರೀನ್‌ಶಾಟ್‌ಗಳನ್ನು ಅದೇ ಗಾತ್ರಕ್ಕೆ ಪ್ರಿಂಟ್ ಹಾಕಿಸಿ ಪಕ್ಕದಲ್ಲಿಟ್ಟುಕೊಂಡು ಕೆಲಸ ಮಾಡಿ. ದೊಡ್ಡ ತಲೆ ಗೊಂಬೆಯನ್ನು ಕಾರ್ಟೂನ್ ಮಾಡಿಬಿಡುತ್ತದೆ.

ಮೆತ್ತಲು ಎಂ-ಸೀಲ್ (ಎರಡು ತುಂಡು ಕಲಸಿದರೆ ಗಟ್ಟಿಯಾಗುವ ಎಪಾಕ್ಸಿ ಮೆತ್ತೆ) ಸಾಕು. ಎರಡೂ ತುಂಡುಗಳಿಂದ ಸಮನಾಗಿ ಕತ್ತರಿಸಿ, ಬಣ್ಣದ ಗೆರೆ ಒಂದೂ ಕಾಣದಂತೆ ನಾದಿ. ಗೆರೆ ಉಳಿದರೆ ಆ ಜಾಗ ಗಟ್ಟಿಯಾಗದೆ ಮೆತ್ತಗೇ ಇರುತ್ತದೆ. ಕೈಗವಸು ಹಾಕಿಕೊಳ್ಳಿ, ಎಪಾಕ್ಸಿ ಕೆಲವರ ಚರ್ಮಕ್ಕೆ ಆಗುವುದಿಲ್ಲ. ಒಂದು ಸಲಕ್ಕೆ ಕಡಲೆಕಾಳಿನಷ್ಟು ಮಾತ್ರ ಕಲಸಿ. ಹೆಚ್ಚು ಕಲಸಿದರೆ ಅರ್ಧ ಮುಗಿಯುವಷ್ಟರಲ್ಲಿ ಬಿಗಿಯಾಗುತ್ತದೆ. ಮೊದಲ ಸುತ್ತಿನಲ್ಲಿ ಹುಬ್ಬಿನ ಮೂಳೆ, ಮೂಗು, ಕೆನ್ನೆ. ಒಂದು ರಾತ್ರಿ ಬಿಟ್ಟು, 400 ಮತ್ತು 800 ನಂಬರಿನ ಸ್ಯಾಂಡ್‌ಪೇಪರಿನಿಂದ ನೀರು ಹಚ್ಚಿ ಉಜ್ಜಿ. ಒಣ ಉಜ್ಜಿದರೆ ಧೂಳು ಶ್ವಾಸಕ್ಕೆ ಹೋಗುತ್ತದೆ.

ಎರಡನೇ ಸುತ್ತು ಕೂದಲು, ಗಡ್ಡ. ಹೋಲಿಕೆ ಸಿಗುವುದು ಇಲ್ಲೇ. ಎರಡು ಸೆಂಟಿಮೀಟರಿನ ತಲೆಯಲ್ಲಿ ಮೂಗಿನ ತಿದ್ದುಪಡಿ ಯಾರಿಗೂ ಕಾಣುವುದಿಲ್ಲ, ಆದರೆ ಕೂದಲು-ಗಡ್ಡದ ಹೊರಗೆರೆ ಕೋಣೆಯ ಆಚೆಯಿಂದಲೂ ಕಾಣುತ್ತದೆ. ಎಂ-ಸೀಲನ್ನು ಸಣ್ಣ ಎಳೆಗಳಾಗಿ ಹೊಸೆದು, ಬೈತಲೆಯಿಂದ ಹಿಂದಕ್ಕೆ ಒಂದರ ಮೇಲೊಂದು ಇಟ್ಟು, ಒದ್ದೆ ಸೂಜಿಯಿಂದ ಗೀರಿ. ಗೀರು ಎಲ್ಲವೂ ಒಂದೇ ಆಳ, ಒಂದೇ ದಿಕ್ಕಾದರೆ ಬಾಚಣಿಗೆ ಎಳೆದಂತೆ ಕಾಣುತ್ತದೆ. ಕೆಲವು ಆಳವಾಗಿ, ಕೆಲವು ಅಡ್ಡ ಹಾಯುವಂತೆ ಎಳೆಯಿರಿ. ಸೂಜಿಗೆ ನೀರು ಜಾಸ್ತಿಯಾದರೆ ಮೇಲಿನ ಪದರ ಒಣಗಿದ ಮೇಲೆ ಸಿಪ್ಪೆಯಾಗಿ ಏಳುತ್ತದೆ.

ಉದ್ದ ಕೂದಲಿನ ತೊಂದರೆ ಕುತ್ತಿಗೆ ತಿರುಗದಿರುವುದು. ಕೂದಲು ಹಸಿಯಿರುವಾಗಲೇ ಭುಜಕ್ಕೆ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿ, ತಲೆ ಸಿಕ್ಕಿಸಿ, ನಿಧಾನವಾಗಿ ಎಡಕ್ಕೆ ಬಲಕ್ಕೆ ತಿರುಗಿಸಿ. ಎಲ್ಲಿ ತಗಲುತ್ತದೋ ಅಲ್ಲಿ ಕೂದಲು ತಾನೇ ಒತ್ತಿಕೊಂಡು ಜಾಗ ಬಿಡುತ್ತದೆ. ಗಡ್ಡಕ್ಕೂ ಹೀಗೇ, ತಲೆ ತಗ್ಗಿಸಿ ಎದೆಗೆ ತಾಗಿಸಿ ನೋಡಿ. ಸಿಗರೇಟು ಹಚ್ಚಲು ಅವನು ತಲೆ ಬಾಗಿಸಲೇಬೇಕಲ್ಲ.

‘ದೊಡ್ಡಮ್ಮ’ನಿಗೆ ಖಾಲಿ ಪೆನ್ ರೀಫಿಲ್ ನಳಿಕೆಯಾಗುತ್ತದೆ, ಹಿಂದಿನ ಪೆಟ್ಟಿಗೆಯಂಥ ಭಾಗಕ್ಕೆ ಹಾಳೆ ಪ್ಲಾಸ್ಟಿಕ್ ತುಂಡುಗಳನ್ನು ಅಂಟಿಸಿ. ಉದ್ದವನ್ನು ರಾಕಿಯ ತೋಳಿನ ಉದ್ದಕ್ಕೆ ಹೋಲಿಸಿ ಸ್ಕ್ರೀನ್‌ಶಾಟ್‌ನಿಂದ ಅಳೆದುಕೊಳ್ಳಿ. ಸಿಗರೇಟು ಈ ಅಳತೆಯಲ್ಲಿ 7 ಮಿ.ಮೀ. ಇದ್ದರೆ ಸರಿ, ಪೊರಕೆ ಕಡ್ಡಿಯ ತೆಳು ತುದಿ ಸಾಕು.

ಬಣ್ಣ ಅಕ್ರಿಲಿಕ್ಕೇ ಇರಲಿ. ಎನಾಮಲ್ ಮತ್ತು ಅಂಗಡಿಯ ಸ್ಪ್ರೇ ಡಬ್ಬಿಗಳು ಗೊಂಬೆಯ ಮೆತ್ತನೆಯ ಪ್ಲಾಸ್ಟಿಕ್ ಆದ ಪಿವಿಸಿ ಮೇಲೆ ತಿಂಗಳಾದರೂ ಅಂಟಂಟಾಗಿಯೇ ಉಳಿಯಬಹುದು, ಏಕೆಂದರೆ ಪಿವಿಸಿಯನ್ನು ಮೆದು ಮಾಡುವ ದ್ರವ ಬಣ್ಣದೊಳಕ್ಕೆ ಸೇರುತ್ತದೆ. ನೀರು ಬೆರೆಸಿ ತೆಳುವಾಗಿ ಮೂರು ನಾಲ್ಕು ಪದರ ಬಳಿಯಿರಿ. ದಪ್ಪಗೆ ಬಳಿದ ಒಂದು ಪದರ ನೀವು ಗೀರಿದ ಕೂದಲನ್ನೆಲ್ಲ ನುಂಗಿಹಾಕುತ್ತದೆ. ಚರ್ಮಕ್ಕೆ ಬರ್ಂಟ್ ಸಿಯೆನ್ನಾ (ಕೆಂಗಂದು), ಯೆಲ್ಲೋ ಓಕರ್ (ಮಣ್ಣಿನ ಹಳದಿ), ಸ್ವಲ್ಪ ಬಿಳಿ. ಬೆಳಕು ಬೀಳುವ ಕೆನ್ನೆ, ಮೂಗಿಗೆ ತಿಳಿ ಬಣ್ಣ ಬೇಕಾದರೆ ಓಕರ್ ಹೆಚ್ಚಿಸಿ. ಬರೀ ಬಿಳಿ ಹೆಚ್ಚಿಸಿದರೆ ಮುಖಕ್ಕೆ ಪೌಡರ್ ಬಳಿದ ಹಾಗಾಗುತ್ತದೆ.

ಕಣ್ಣಿಗೆ ಅಚ್ಚ ಬಿಳಿ ಬೇಡ, ಕೆನೆ ಬಣ್ಣ ಹಚ್ಚಿ. ಕಪ್ಪು ಗುಡ್ಡೆಯ ಮೇಲಂಚು ರೆಪ್ಪೆಯ ಕೆಳಗೆ ಅಡಗಿರಬೇಕು. ಸುತ್ತಲೂ ಬಿಳಿ ಕಂಡರೆ ರಾಕಿ ಗಾಬರಿಬಿದ್ದ ಹಾಗೆ ಕಾಣುತ್ತಾನೆ. ಒಂದು ಗುಡ್ಡೆ ಬರೆದ ಕೂಡಲೇ ಇನ್ನೊಂದನ್ನೂ ಬರೆದು, ಗೊಂಬೆಯನ್ನು ತಲೆಕೆಳಗು ಹಿಡಿದು ನೋಡಿ, ಮೆಳ್ಳೆಗಣ್ಣು ಬೇಗ ಗೊತ್ತಾಗುತ್ತದೆ.

ಕಾದ ನಳಿಕೆಯಲ್ಲಿ ಹೆಚ್ಚಿನವರು ಎಡವುತ್ತಾರೆ: ಎಲ್ಲಕ್ಕಿಂತ ಬಿಸಿಯಾದ ಜಾಗವೇ ಎಲ್ಲಕ್ಕಿಂತ ತಿಳಿಯಾಗಿರಬೇಕು. ಅಲ್ಲಿ ಹಳದಿ ಮಿಶ್ರಿತ ಕಿತ್ತಳೆ, ಎರಡೂ ಬದಿಗೆ ಕೆಂಪು, ಅದರಾಚೆ ಕಡುಗೆಂಪು, ಕೊನೆಗೆ ಕಬ್ಬಿಣದ ಕಪ್ಪು. ಬಣ್ಣ ಹಸಿಯಿರುವಾಗಲೇ ಗಡಿಗಳನ್ನು ಬೆರೆಸಿ.

ಬಣ್ಣ ಬಳಿಯುವ ಮೊದಲೇ ಮೊಣಕೈ, ಮೊಣಕಾಲು, ಭುಜದ ಕೀಲುಗಳಲ್ಲಿ ಒಂದಕ್ಕೊಂದು ಉಜ್ಜುವ ಅಂಚನ್ನು ಕೂದಲೆಳೆಯಷ್ಟು ತೇಯ್ದಿಡಿ, ಇಲ್ಲದಿದ್ದರೆ ಮೊದಲ ಸಲ ಮಡಚಿದಾಗಲೇ ಬಣ್ಣ ಎದ್ದು ಬರುತ್ತದೆ. ಕೊನೆಗೆ ನೀರಿನಂಶದ ಮ್ಯಾಟ್ ವಾರ್ನಿಷ್ ಬ್ರಷ್‌ನಿಂದ ಎರಡು ಪದರ. ಕಣ್ಣಿಗೆ ಮಾತ್ರ ಹೊಳಪಿನದು. ಮಳೆಗಾಲದ ತೇವದಲ್ಲಿ ಮ್ಯಾಟ್ ಸ್ಪ್ರೇ ಹೊಡೆದರೆ ಗಾಢ ಬಣ್ಣಗಳ ಮೇಲೆ ಬಿಳಿ ಮಂಜು ಕೂರುತ್ತದೆ. ಒಂದು ದಿನ ಪೂರ್ತಿ ಒಣಗಲು ಬಿಟ್ಟು ಆಮೇಲೆ ಕೀಲು ಆಡಿಸಿ. ಎಲ್ಲಾದರೂ ಕಚ್ಚಿಕೊಂಡಿದ್ದರೆ ಬಲ ಹಾಕದೆ ಹೇರ್ ಡ್ರೈಯರ್‌ನ ಬಿಸಿಗಾಳಿ ಅರ್ಧ ನಿಮಿಷ ಹಾಯಿಸಿ.