ಹಳೇ ಕಾಂಕ್ರೀಟಿನ ಜಲ್ಲಿಗೆ ಮೊದಲು ನೀರು ಕುಡಿಸಿ

ಮೊನ್ನೆ 28 ದಿನದ ಕ್ಯೂಬ್‌ಗಳನ್ನು, ಅಂದರೆ ಬಲ ಪರೀಕ್ಷೆಗೆ ಎರೆದ ಕಾಂಕ್ರೀಟ್ ಘನಗಳನ್ನು, ಒಡೆಸಿದೆ. ಎಂ25 ಮಿಕ್ಸ್ (28 ದಿನಕ್ಕೆ 25 ಮೆಗಾಪ್ಯಾಸ್ಕಲ್ ಬಲ ಬರಬೇಕಾದದ್ದು), ಜಲ್ಲಿಯಲ್ಲಿ ಅರ್ಧ ಹಳೇ ಕಾಂಕ್ರೀಟ್ ಒಡೆದು ಮಾಡಿದ್ದು. ಬಂದದ್ದು ಸುಮಾರು 33 ಮೆಗಾಪ್ಯಾಸ್ಕಲ್. ಪೂರ್ತಿ ಹೊಸ ಜಲ್ಲಿಯದು 35 ಇತ್ತು. "ಅದು ಹೊಂಡ ಮುಚ್ಚೋಕೆ ಮಾತ್ರ ಸರಿ" ಅಂದವರೇ ಈಗ ನನ್ನ ಅಳತೆ ಕೇಳುತ್ತಿದ್ದಾರೆ.

ಮೊದಲ ಸಲ ಒಣ ಜಲ್ಲಿಯನ್ನೇ ಸುರಿದಿದ್ದೆ. ಮಿಕ್ಸರ್ ಬಾಯಲ್ಲಿ ಸ್ಲಂಪ್ (ಹಸಿ ಕಾಂಕ್ರೀಟ್ ಎಷ್ಟು ಕುಸಿಯುತ್ತದೆ ಅನ್ನುವ ಅಳತೆ) 100 ಮಿಲಿಮೀಟರ್, ಇಪ್ಪತ್ತು ನಿಮಿಷಕ್ಕೆ 30. ಹುಡುಗರು ಗಾಬರಿಯಾಗಿ ನೀರು ಸುರಿದರು. ಕ್ಯೂಬ್ 20ರ ಹತ್ತಿರ ನಿಂತಿತು. ಹಾಕಿದ್ದನ್ನೆಲ್ಲ ಒಡೆದು ತೆಗೆಸಿದೆ, ಕೂಲಿ ಎರಡೆರಡು ಸಲ ಕೊಟ್ಟೆ. ಮುಂದಿನ ಸಲ ಘನಮೀಟರಿಗೆ ಒಂದು ಚೀಲ ಸಿಮೆಂಟ್ ಜಾಸ್ತಿ ಹಾಕಿದೆ. ಬಲವೇನೋ ಬಂತು. ಆದರೆ ಜಲ್ಲಿಯಲ್ಲಿ ಉಳಿದ ದುಡ್ಡನ್ನು ಸಿಮೆಂಟೇ ನುಂಗಿತು, ನೆಲದ ತುಂಬ ಕೂದಲೆಳೆ ಬಿರುಕು ಬೇರೆ.

ಆಮೇಲೆ ಒಂದು ಕಲ್ಲು ಕೈಗೆತ್ತಿಕೊಂಡು ನೋಡಿದೆ. ಒಂದು ಮೈ ಬರೀ ಕಲ್ಲು, ಇನ್ನೊಂದರ ಮೇಲೆ ಬೂದುಬಣ್ಣದ ಹಳೇ ಗಾರೆ. ಎರಡಕ್ಕೂ ಒಂದೊಂದು ಹನಿ ನೀರು ಬಿಟ್ಟೆ. ಕಲ್ಲಿನ ಮೇಲಿನ ಹನಿ ಹಾಗೇ ಕೂತಿತು, ಗಾರೆಯ ಮೇಲಿನದು ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಮಾಯ! ಅಳೆದರೆ ನೀರು ಹೀರುವುದು ಶೇ. 5-6. ಹೊಸ ಜಲ್ಲಿಯದು ಶೇ. 1 ಕೂಡ ಇಲ್ಲ.

ಈಗ ರಾತ್ರಿಯಿಡೀ ನೆನೆಸಿ, ಬಸಿದು, ಒದ್ದೆ ಗೋಣಿ ಹೊದಿಸುತ್ತೇನೆ. ಮೈಮೇಲೆ ನೀರು ಹೊಳೆಯಬಾರದು. ಎಷ್ಟು ಹೊತ್ತು ಬಸಿಯಬೇಕು ಅನ್ನುವುದು ಮಾತ್ರ ನನ್ನಲ್ಲೇ ಇರಲಿ. ಜಲ್ಲಿ, ಮರಳು, ಅರ್ಧ ನೀರು ಹಾಕಿ ಒಂದು ನಿಮಿಷ ತಿರುಗಿಸಿ, ಆಮೇಲೆ ಸಿಮೆಂಟ್, ಕೊನೆಗೆ ಉಳಿದ ನೀರು. ಹೀಗೆ ಮಾಡಿದರೆ ಮಂದ ಸಿಮೆಂಟ್ ಪೇಸ್ಟ್ ಹಳೇ ಗಾರೆಯ ಸೀಳುಗಳಿಗೆ ಇಳಿಯುತ್ತದೆ.

ನಡುವೆ ಜಲ್ಲಿಯನ್ನಷ್ಟೇ ಮಿಕ್ಸರಿನಲ್ಲಿ ಕಾಲು ಗಂಟೆ ಉರುಳಿಸಿಯೂ ನೋಡಿದೆ. ಗಾರೆ ಉದುರಿ ಹೀರಿಕೆ ಶೇ. 4ಕ್ಕೆ ಇಳಿಯಿತು. ಆದರೆ ಬ್ಲೇಡ್ ಸವೆದು ಲೆಕ್ಕ ಹೊಂದಲಿಲ್ಲ. ಸಿಲಿಕಾ ಫ್ಯೂಮ್ (ಸಿಮೆಂಟಿಗಿಂತ ನುಣುಪಾದ ಸಿಲಿಕಾ ಪುಡಿ) ಕಲಸಿದ ನೀರಿನಲ್ಲಿ ಜಲ್ಲಿ ಅದ್ದಿದಾಗ ಇನ್ನೂ ಎರಡು ಮೆಗಾಪ್ಯಾಸ್ಕಲ್ ಸಿಕ್ಕಿತು, ಅದೂ ದುಬಾರಿ.

ಜಿಪ್ಸಂ ಪ್ಲಾಸ್ಟರ್ ತುಂಡುಗಳನ್ನು ಕೈಯಲ್ಲೇ ಆರಿಸಿ. ಉಳಿದರೆ ಒಳಗೆ ಉಬ್ಬಿ ಕಾಂಕ್ರೀಟ್ ಸೀಳುತ್ತದೆ. ಹಳೇ ಕಾಂಕ್ರೀಟ್ ಒಡೆಯುವಾಗ ಬರುವ ಪುಡಿಯನ್ನು ಮರಳಿಗೆ ಸೇರಿಸಬೇಡಿ. ಈ ಕಾಂಕ್ರೀಟಿಗೆ ಬಿಗಿ ಕಡಿಮೆ, ಬಾಗುವುದು ಜಾಸ್ತಿ, ಹಾಗಾಗಿ ಉದ್ದದ ಬೀಮಿಗೆ ನಾನು ಇನ್ನೂ ಹಾಕಿಲ್ಲ. ನೆಲಕ್ಕೆ, ಅಡಿಪಾಯಕ್ಕೆ ಹಾಕಿ 14 ದಿನ ಒದ್ದೆ ಇಟ್ಟಿದ್ದೇನೆ. ಈ ಸಲ ಬಿರುಕು ಕಂಡಿಲ್ಲ.