ಮಲೆನಾಡಿನ ಮಳೆಯಲ್ಲಿ ಜಿ.ಐ. ಜೋ ಕಾಮಿಕ್ಸ್ ಉಳಿಸಿಕೊಳ್ಳುವುದು ಹೇಗೆ

ನಮ್ಮನೆ ಸಾಗರದಿಂದ ಹೊಸನಗರಕ್ಕೆ ಹೋಗುವ ದಾರಿಯಲ್ಲಿ, ತೋಟದ ಒಳಗೆ. ಹಂಚಿನ ಮನೆ. ಆರಿದ್ರಾ ಮಳೆ ಹಿಡಿಯಿತೆಂದರೆ ಉಪ್ಪು ನೀರಾಗುತ್ತದೆ, ಬೆಲ್ಟಿಗೂ ಚಪ್ಪಲಿಗೂ ಬೂಷ್ಟು ಬರುತ್ತದೆ. ಅಂಥ ಮನೆಯಲ್ಲಿ ನನ್ನ ಹತ್ತಿರ ಏಳು ಜಿ.ಐ. ಜೋ ಕಾಮಿಕ್ಸ್ ಇವೆ. ನಾನು ಐದನೇ ಕ್ಲಾಸಿನಲ್ಲಿದ್ದಾಗ ಬೊಂಬಾಯಿಯ ಹೋಟೆಲಿನಲ್ಲಿ ಕೆಲಸಕ್ಕಿದ್ದ ಮಾವ ಹಳೇ ಪುಸ್ತಕದ ಅಂಗಡಿಯಿಂದ ಒಂಬತ್ತು ತಂದುಕೊಟ್ಟಿದ್ದರು. ಎರಡು ಹೋದವು.

ಅವು ಗೊಂಬೆಗಾಗಿ ಹುಟ್ಟಿದ ಕಥೆಗಳು. 1982ರಲ್ಲಿ ಆಟಿಕೆ ಮಾಡುವ ಅಮೆರಿಕದ ಹ್ಯಾಸ್‌ಬ್ರೋ ಕಂಪನಿ ಜಿ.ಐ. ಜೋ ಹೆಸರಿನ ಬೆರಳುದ್ದದ ಸೈನಿಕರ ಗೊಂಬೆ ತಂದಿತು, ಅದೇ ವರ್ಷ ಮಾರ್ವೆಲ್ ಪ್ರಕಾಶನ ಅವುಗಳ ಕಾಮಿಕ್ಸ್ ಶುರು ಮಾಡಿತು. 1994ರವರೆಗೆ 155 ಸಂಚಿಕೆ ಬಂದವು. ಹೆಚ್ಚಿನವನ್ನು ಬರೆದದ್ದು ಲ್ಯಾರಿ ಹಾಮಾ. ನನಗೆ ಜೀವದಷ್ಟು ಪ್ರೀತಿಯದ್ದು 21ನೇ ಸಂಚಿಕೆ. ಅದರಲ್ಲಿ ಯಾರೂ ಒಂದು ಮಾತೂ ಆಡುವುದಿಲ್ಲ, ಪೂರ್ತಿ ಚಿತ್ರವೇ. ಕಪ್ಪು ಬಟ್ಟೆಯ ಸ್ನೇಕ್ ಐಸ್ ಶತ್ರುಗಳ ಕೋಟೆಗೆ ನುಗ್ಗಿ ತನ್ನ ತಂಡದ ಸ್ಕಾರ್ಲೆಟ್‌ಳನ್ನು ಬಿಡಿಸಲು ಹೋಗುತ್ತಾನೆ, ಬಿಳಿ ಬಟ್ಟೆಯ ಶತ್ರುವೊಬ್ಬ ಎದುರಾಗುತ್ತಾನೆ. ಕನ್ನಡ ಶಾಲೆಯ ನನಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಉಳಿದ ಎಂಟನ್ನು ಅಣ್ಣ ಓದಿ ಹೇಳಬೇಕಿತ್ತು. ಇದೊಂದನ್ನು ಮಾತ್ರ ನಾನೇ ಓದಿದೆ, ಯಾರ ಹಂಗೂ ಇಲ್ಲದೆ.

ಈಗ ಕೆಲಸದ ಮಾತು. ಒಳಗಿನ ಹಾಳೆಗಳು ಪೇಪರಿನವರು ಬಳಸುವಂಥ ಅಗ್ಗದ ಕಾಗದ. ಮರದ ತಿರುಳಿನ ಲಿಗ್ನಿನ್ ಎಂಬ ಅಂಶ ಅದರಲ್ಲಿ ಉಳಿದಿರುತ್ತದೆ. ಬೆಳಕು, ಗಾಳಿ ತಾಗಿದಷ್ಟೂ ಹಳದಿಯಾಗಿ ಮುರಿಯುತ್ತದೆ. ಹಾಗಾಗಿ ಹಪ್ಪಳದ ಹಾಗೆ ಬಿಸಿಲಿಗೆ ಹರಡಬೇಡಿ. ಅಮ್ಮ ಒಮ್ಮೆ ಒಳ್ಳೆಯದಾಗಲಿ ಎಂದೇ ಅಡಿಕೆ ಅಂಗಳದಲ್ಲಿಟ್ಟಿದ್ದರು, ಒಂದು ಮುಖಪುಟದ ಕೆಂಪು ಇವತ್ತಿಗೂ ಪೇಲವ. ಒಣಗಿಸಬೇಕಿದ್ದರೆ ಜನವರಿ, ಫೆಬ್ರವರಿಯಲ್ಲಿ, ನೆರಳಿನಲ್ಲಿ, ಗಾಳಿಯಾಡುವ ಜಗುಲಿಯ ಮೇಲೆ.

ಒಣಗಿದ ದಿನವೇ ಕಟ್ಟಿಡಿ. ತೇವವಿದ್ದಾಗ ಕವರಿನೊಳಗೆ ಹಾಕಿದರೆ ತೇವವನ್ನೇ ಕೂಡಿಟ್ಟ ಹಾಗೆ. ಕವರು ಪಾಲಿಪ್ರೊಪೈಲಿನ್ ಪ್ಲಾಸ್ಟಿಕ್‌ನದ್ದಾಗಿರಲಿ. ವಾಸನೆ ಬರುವ, ಅಂಟಂಟಾದ ಪಿವಿಸಿ ಬೇಡವೇ ಬೇಡ, ಅದು ಬಣ್ಣವನ್ನು ಎಳೆದುಕೊಳ್ಳುತ್ತದೆ. ಪುಸ್ತಕದ ಹಿಂದೆ ಆಮ್ಲವಿಲ್ಲದ ರಟ್ಟು ಕೊಡಿ. ನಂತರ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬ, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಚೀಲ, ಬಣ್ಣ ಬದಲಿಸುವ ಹರಳಿನದ್ದು. ಹರಳು ಬಣ್ಣ ಬದಲಿಸಿದರೆ ತೇವ ತುಂಬಿತು ಎಂದರ್ಥ. ಆಗ ಒಣಗಿದ ಚೀಲ ಹಾಕಿ. ಮಳೆಗಾಲದಲ್ಲಿ ನಾನು ಹದಿನೈದು ದಿನಕ್ಕೊಮ್ಮೆ ನೋಡುತ್ತೇನೆ. ಹೊರಗೋಡೆಗೆ ತಾಗಿಸಿ ಇಡಬೇಡಿ, ಗೋಡೆ ಬೆವರುತ್ತದೆ. ನೆಲದ ಮೇಲೂ ಬೇಡ, ಒರಲೆ ಬರುತ್ತದೆ.

ಅಟ್ಟದ ವಿಷಯ ಜಾಸ್ತಿ ಹೇಳಲೇಬೇಕು. ನಮ್ಮ ಎರಡು ಹೋದದ್ದೇ ಅಲ್ಲಿ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆ ಅಂತ ಟ್ರಂಕಿನಲ್ಲಿಟ್ಟು ಮೇಲೇರಿಸಿದ್ದೆವು. ಮಂಗ ಹಾರಿ ಹಂಚು ಸರಿದಿತ್ತು. ಟ್ರಂಕಿನ ಸಂದಿನಿಂದ ನೀರು ಇಳಿದು ವಾರ ಕಳೆದಿತ್ತು. ಮುಖಪುಟದ ನುಣುಪು ಕಾಗದ ಒಂದಕ್ಕೊಂದು ಅಂಟಿ ಇಟ್ಟಿಗೆಯಾಗಿತ್ತು. ನಾನು ಎಳೆದು ಬಿಡಿಸಿದೆ, ಚಿತ್ರ ಚರ್ಮದ ಹಾಗೆ ಸುಲಿದು ಬಂತು. ಆ ಶಬ್ದ ಇನ್ನೂ ಕಿವಿಯಲ್ಲಿದೆ.

ನೆನೆದರೆ ಹೀಗೆ ಮಾಡಿ. ಒದ್ದೆ ಇರುವಾಗಲೇ ನುಣುಪು ಮುಖಪುಟಗಳನ್ನು ಮೆಲ್ಲನೆ ಬೇರೆ ಮಾಡಿ, ನಡುನಡುವೆ ಅಚ್ಚಿಲ್ಲದ ಬಿಳಿ ಕಾಗದ ಇಟ್ಟು ಆಗಾಗ ಬದಲಿಸಿ, ಫ್ಯಾನ್ ಹಾಕಿ. ಎರಡು ದಿನ ಕಳೆದರೆ ಬೂಷ್ಟು ಶುರುವಾಗುತ್ತದೆ. ಅಷ್ಟರಲ್ಲಿ ಆಗದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರೀಜರಿನಲ್ಲಿಡಿ, ಆಮೇಲೆ ಒಂದೊಂದಾಗಿ ತೆಗೆದು ಒಣಗಿಸಬಹುದು. ಬೂಷ್ಟು ಬಂದೇಬಿಟ್ಟಿದ್ದರೆ ಪೂರ್ತಿ ಒಣಗಲು ಬಿಟ್ಟು, ಮೂಗಿಗೆ ಮಾಸ್ಕ್ ಕಟ್ಟಿ, ಮನೆಯ ಹೊರಗೆ ಮೆತ್ತನೆ ಬ್ರಷ್‌ನಿಂದ ಗುಡಿಸಿ. ಒದ್ದೆ ಬಟ್ಟೆಯಿಂದ ಒರೆಸಿದರೆ ಕಲೆ ಒಳಗಿಳಿಯುತ್ತದೆ.

ಪಿನ್ನು ತುಕ್ಕು ಹಿಡಿದಿದ್ದರೆ ಮೊಂಡು ಚಾಕುವಿನಿಂದ ಕಾಲುಗಳನ್ನು ನೆಟ್ಟಗೆ ಮಾಡಿ ತೆಗೆಯಿರಿ, ಅದೇ ತೂತಿನಲ್ಲಿ ಹತ್ತಿ ದಾರ ಪೋಣಿಸಿ ಸಡಿಲವಾಗಿ ಗಂಟು ಹಾಕಿ. ಸೆಲ್ಲೋಟೇಪ್ ಮುಟ್ಟಲೇಬೇಡಿ.

ಕೆಲವರು ಕವರು ಬಿಚ್ಚುವುದೇ ಇಲ್ಲ. ನನಗದು ಒಪ್ಪಿಗೆಯಿಲ್ಲ. ಹವೆ ಒಣಗಿರುವ ಚಳಿಗಾಲದಲ್ಲಿ, ಕೈ ತೊಳೆದು ಒರೆಸಿಕೊಂಡು, ಮೇಜಿನ ಮೇಲಿಟ್ಟು ಓದಿ, ಮಕ್ಕಳಿಗೂ ಕೊಡಿ. ಕಳೆದ ಜನವರಿಯಲ್ಲಿ ಅಣ್ಣನ ಮಗಳಿಗೆ 21ನೇ ಸಂಚಿಕೆ ಕೊಟ್ಟು ನಾನು ಪಕ್ಕದಲ್ಲಿ ಸುಮ್ನೆ ಕೂತಿದ್ದೆ. ಕೊನೆಯ ಪುಟದಲ್ಲಿ ಸ್ನೇಕ್ ಐಸ್ ಮುಂಗೈಯ ಹಚ್ಚೆ ನೋಡಿದವಳು ಸರಸರ ಹಿಂದಕ್ಕೆ ತಿರುವಿದಳು. "ಅತ್ತೆ, ಬಿಳಿ ಬಟ್ಟೆಯವನ ಮುಂಗೈಲೂ ಇದೇ ಹಚ್ಚೆ ಇತ್ತು ಅಲ್ವಾ?" ಅಂದಳು.