ಒಂದೇ ಮೇಲ್ ಸರ್ವರ್‌ನಲ್ಲಿ ಹಲವು ಡೊಮೇನ್‌ಗಳಿಗೆ ವರ್ಚುವಲ್ ಮೇಲ್‌ಬಾಕ್ಸ್

ಎರಡು ಡೊಮೇನ್‌ಗಳ ಮೇಲ್ ಅನ್ನು ಲಿನಕ್ಸ್ ಖಾತೆಗಳಿಗೇ ತಲುಪಿಸುವ ಸರ್ವರ್‌ನಲ್ಲಿ ಒಂದು ತೊಡಕಿದೆ. ಎರಡೂ ಡೊಮೇನ್‌ಗಳ ‘ಇನ್ಫೋ’ ವಿಳಾಸಕ್ಕೆ ಬಂದ ಮೇಲ್‌ಗಳು ಒಂದೇ ಪೆಟ್ಟಿಗೆಗೆ ಬಂದು ಬೀಳುತ್ತವೆ. ವರ್ಚುವಲ್ ಮೇಲ್‌ಬಾಕ್ಸ್‌ನಲ್ಲಿ ಡೊಮೇನ್ ಸಹಿತವಾದ ಪೂರ್ಣ ವಿಳಾಸವೇ ಗುರುತಾಗಿರುವುದರಿಂದ ಈ ಬೆರಕೆಗೆ ಅವಕಾಶವಿಲ್ಲ. ಪ್ರತಿಯೊಬ್ಬರಿಗೂ ಲಿನಕ್ಸ್ ಖಾತೆ ತೆರೆಯುವ ಅಗತ್ಯವೂ ಇಲ್ಲ. ಇಲ್ಲಿ ಮೇಲ್ ಸ್ವೀಕರಿಸಿ ಸಾಗಿಸುವ ಪೋಸ್ಟ್‌ಫಿಕ್ಸ್ ಮತ್ತು ಪೆಟ್ಟಿಗೆಯ ಮೇಲ್ ಅನ್ನು ಬಳಕೆದಾರರಿಗೆ ಒದಗಿಸುವ ಡೊವ್‌ಕಾಟ್ ತಂತ್ರಾಂಶಗಳು ಈಗಾಗಲೇ ಇನ್‌ಸ್ಟಾಲ್ ಆಗಿವೆ ಎಂದು ಭಾವಿಸಲಾಗಿದೆ.

ಮೊದಲು ಎಲ್ಲ ಪೆಟ್ಟಿಗೆಗಳಿಗೂ ಒಡೆತನ ವಹಿಸುವ ‘ವಿಮೇಲ್’ ಎಂಬ ಒಂದೇ ಖಾತೆಯನ್ನು ಲಾಗಿನ್ ಸೌಲಭ್ಯವಿಲ್ಲದಂತೆ ಸೃಷ್ಟಿಸಿ, ಅದಕ್ಕೆ 5000 ಎಂಬ ಯುಐಡಿ (ಬಳಕೆದಾರ ಸಂಖ್ಯೆ) ಮತ್ತು ಜಿಐಡಿ (ಗುಂಪಿನ ಸಂಖ್ಯೆ) ಕೊಡಿ. ಬೇರೆ ಸಂಖ್ಯೆಯೂ ಆಗಬಹುದು, ಆದರೆ ಪೋಸ್ಟ್‌ಫಿಕ್ಸ್ ಪೂರ್ವನಿಯೋಜಿತವಾಗಿ 100ಕ್ಕಿಂತ ಕಡಿಮೆ ಯುಐಡಿಯನ್ನು ಒಪ್ಪುವುದಿಲ್ಲ.

ಮುಂದಿನ ಹೆಜ್ಜೆಯಲ್ಲೇ ಹೆಚ್ಚಿನವರು ಎಡವುತ್ತಾರೆ. ಪೋಸ್ಟ್‌ಫಿಕ್ಸ್‌ನ ಸೆಟ್ಟಿಂಗ್‌ಗಳಿರುವ ಮೇನ್.ಸಿಎಫ್ ಕಡತದ ‘ವರ್ಚುವಲ್_ಮೇಲ್‌ಬಾಕ್ಸ್_ಡೊಮೇನ್ಸ್’ ಸಾಲಿನಲ್ಲಿ ನಿಮ್ಮ ಡೊಮೇನ್‌ಗಳನ್ನು ಬರೆದ ಕೂಡಲೇ, ಅವುಗಳಲ್ಲಿ ಯಾವುದಾದರೂ ಲಿನಕ್ಸ್ ಖಾತೆಗಳಿಗೆ ತಲುಪುವ ಡೊಮೇನ್‌ಗಳ ‘ಮೈಡೆಸ್ಟಿನೇಶನ್’ ಸಾಲಿನಲ್ಲಿಯೂ ಉಳಿದಿದೆಯೇ ಎಂದು ನೋಡಿ, ಇದ್ದರೆ ಅಲ್ಲಿಂದ ತೆಗೆದುಹಾಕಿ. ಒಂದು ಡೊಮೇನ್ ಒಂದೇ ವರ್ಗಕ್ಕೆ ಸೇರಿರಬೇಕು. ಎರಡೂ ಕಡೆ ಇದ್ದರೆ ಪೋಸ್ಟ್‌ಫಿಕ್ಸ್ ಆ ವಿಳಾಸವನ್ನು ಸ್ಥಳೀಯ ಖಾತೆಯೆಂದು ತಿಳಿದು ಹುಡುಕುತ್ತದೆ, ಸಿಗದಿದ್ದಾಗ ಅಂಥ ಬಳಕೆದಾರರಿಲ್ಲ ಎಂದು ಮೇಲ್ ಅನ್ನು ತಿರಸ್ಕರಿಸುತ್ತದೆ. ಲಾಗ್‌ನಲ್ಲಿ ಇದರ ಎಚ್ಚರಿಕೆ ಸ್ಪಷ್ಟವಾಗಿಯೇ ಬರುತ್ತದೆ, ಓದುವವರು ಕಡಿಮೆ.

‘ವರ್ಚುವಲ್_ಮೇಲ್‌ಬಾಕ್ಸ್_ಮ್ಯಾಪ್ಸ್’ ಸೂಚಿಸುವ ಕಡತದಲ್ಲಿ ಪ್ರತಿ ಸಾಲಿನ ಎಡಕ್ಕೆ ಪೂರ್ಣ ವಿಳಾಸ, ಬಲಕ್ಕೆ ಪೆಟ್ಟಿಗೆಯ ದಾರಿ ಇರಬೇಕು. ಪೋಸ್ಟ್‌ಫಿಕ್ಸ್ ತಾನೇ ಮೇಲ್ ತಲುಪಿಸುವುದಾದರೆ ದಾರಿಯ ಕೊನೆಯ ಓರೆಗೆರೆಯನ್ನು ಮರೆಯಬೇಡಿ, ಅದಿದ್ದರಷ್ಟೇ ಪ್ರತಿ ಮೇಲ್‌ಗೂ ಒಂದೊಂದು ಕಡತವಿರುವ ಮೇಲ್‌ಡಿರ್ ಮಾದರಿಯಲ್ಲಿ ಸಂಗ್ರಹವಾಗುತ್ತದೆ. ಹ್ಯಾಶ್ ಮಾದರಿಯ (ವೇಗದ ಹುಡುಕಾಟಕ್ಕೆ ಸೂಚಿಯಾಗಿ ಪರಿವರ್ತಿಸುವ) ಕಡತವನ್ನು ತಿದ್ದಿದಾಗಲೆಲ್ಲ ಪೋಸ್ಟ್‌ಮ್ಯಾಪ್ ಆದೇಶವನ್ನು ಮತ್ತೆ ಚಲಾಯಿಸಬೇಕು.

ಒಂದು ವಿಳಾಸದ ಮೇಲ್ ಅನ್ನು ಇನ್ನೊಂದಕ್ಕೆ ತಿರುಗಿಸುವ ಅಲಿಯಾಸ್‌ಗಳಲ್ಲಿ ಒಂದು ಬಲೆ ಅಡಗಿದೆ. ‘ವರ್ಚುವಲ್_ಅಲಿಯಾಸ್_ಮ್ಯಾಪ್ಸ್’ ಅನ್ನು ಪೆಟ್ಟಿಗೆಗಳಿಗಿಂತ ಮೊದಲೇ ನೋಡಲಾಗುವುದರಿಂದ, ಅಲ್ಲಿ ಇಡೀ ಡೊಮೇನ್‌ಗೆ ಅನ್ವಯಿಸುವ ಕ್ಯಾಚ್‌ಆಲ್ ಸಾಲನ್ನು ಬರೆದರೆ ನಿಜವಾದ ಪೆಟ್ಟಿಗೆಗಳ ಮೇಲ್ ಕೂಡ ಅದರ ಪಾಲಾಗುತ್ತದೆ. ಕ್ಯಾಚ್‌ಆಲ್ ಬೇಕೇಬೇಕೆಂದಿದ್ದರೆ, ಪ್ರತಿ ಪೆಟ್ಟಿಗೆಯ ವಿಳಾಸವನ್ನೂ ಅದೇ ವಿಳಾಸಕ್ಕೆ ಕಳಿಸುವ ಒಂದೊಂದು ಸಾಲನ್ನು ಆ ಕಡತದಲ್ಲಿ ಸೇರಿಸಿ. ಕ್ಯಾಚ್‌ಆಲ್ ಬಳಸದಿರುವುದೇ ಲೇಸು. ಪ್ರತಿ ಡೊಮೇನ್‌ಗೂ ‘ಪೋಸ್ಟ್‌ಮಾಸ್ಟರ್’ ವಿಳಾಸವಂತೂ ಕಡ್ಡಾಯ.

‘ವರ್ಚುವಲ್_ಟ್ರಾನ್ಸ್‌ಪೋರ್ಟ್’ ಮೂಲಕ ಮೇಲ್ ಅನ್ನು ಎಲ್‌ಎಂಟಿಪಿ ಎಂಬ ಸ್ಥಳೀಯ ಹಸ್ತಾಂತರ ನಿಯಮದಲ್ಲಿ ಡೊವ್‌ಕಾಟ್‌ಗೆ ಒಪ್ಪಿಸಿದರೆ, ಪೆಟ್ಟಿಗೆ ಎಲ್ಲಿರಬೇಕೆಂಬುದನ್ನು ಡೊವ್‌ಕಾಟ್ ನಿರ್ಧರಿಸುತ್ತದೆ. ‘ವರ್ಚುವಲ್_ಮೇಲ್‌ಬಾಕ್ಸ್_ಮ್ಯಾಪ್ಸ್’ ಕಡತ ಕೇವಲ ಸಿಂಧು ವಿಳಾಸಗಳ ಪಟ್ಟಿಯಾಗಿ ಉಳಿಯುತ್ತದೆ. ಡೊವ್‌ಕಾಟ್‌ನ ಬಳಕೆದಾರ ಹೆಸರಿನ ಸೆಟ್ಟಿಂಗ್‌ನಲ್ಲಿ ಡೊಮೇನ್ ಭಾಗ ಕತ್ತರಿಸಿಹೋಗದಂತೆ ನೋಡಿಕೊಳ್ಳಿ, ಇಲ್ಲವಾದರೆ ಎರಡು ‘ಇನ್ಫೋ’ಗಳು ಮತ್ತೆ ಒಂದಾಗುತ್ತವೆ. ಪಾಸ್‌ವರ್ಡ್‌ಗಳನ್ನು ‘ಡೊವ್‌ಅಡ್ಮ್ ಪಿಡಬ್ಲ್ಯೂ’ ಆದೇಶದಿಂದ ಹ್ಯಾಶ್ ಮಾಡಿಯೇ (ಹಿಂದಕ್ಕೆ ಓದಲಾಗದ ರೂಪಕ್ಕೆ ಬದಲಿಸಿಯೇ) ಉಳಿಸಿ.

ಡೊಮೇನ್ ಹೆಸರುಗಳ ವ್ಯವಸ್ಥೆಯಾದ ಡಿಎನ್‌ಎಸ್‌ನಲ್ಲಿ, ಮೇಲ್ ಎಲ್ಲಿಗೆ ಬರಬೇಕೆಂದು ಸೂಚಿಸುವ ಎಂಎಕ್ಸ್ ದಾಖಲೆಯು ಎಲ್ಲ ಡೊಮೇನ್‌ಗಳಿಗೂ ಒಂದೇ ಸರ್ವರ್ ಹೆಸರನ್ನು ತೋರಿಸಬಹುದು. ಮೇಲ್ ಕಳಿಸಲು ಅನುಮತಿಯಿರುವ ಸರ್ವರ್‌ಗಳನ್ನು ತಿಳಿಸುವ ಎಸ್‌ಪಿಎಫ್ ಮತ್ತು ಮೇಲ್‌ನ ಸಹಿ ಪರಿಶೀಲಿಸಲು ನೆರವಾಗುವ ಡಿಕಿಮ್ ದಾಖಲೆಗಳು ಪ್ರತಿ ಡೊಮೇನ್‌ಗೂ ಬೇರೆಯಾಗಿಯೇ ಇರಬೇಕು.

ಪರೀಕ್ಷೆಗಾಗಿ ಹೊರಗಿನ ಖಾತೆಯೊಂದರಿಂದ ಎರಡೂ ‘ಇನ್ಫೋ’ ವಿಳಾಸಗಳಿಗೆ ಬೇರೆ ಬೇರೆ ಮೇಲ್ ಕಳಿಸಿ, ಅವು ತಮ್ಮ ತಮ್ಮ ಪೆಟ್ಟಿಗೆಗೇ ಸೇರಿವೆಯೇ ಎಂದು ನೋಡಿ. ಬಳಿಕ ಇಲ್ಲದ ವಿಳಾಸವೊಂದಕ್ಕೂ ಕಳಿಸಿ. ಸರ್ವರ್ ಅದನ್ನು ಪಡೆದುಕೊಂಡು ಆಮೇಲೆ ಹಿಂದಿರುಗಿಸದೆ, ಸಂಪರ್ಕದ ಹಂತದಲ್ಲೇ 550 ಸಂಕೇತದೊಂದಿಗೆ ನಿರಾಕರಿಸಬೇಕು.